ಟೇಬಲ್ ಕಟ್ಟುವ ಹಳೇ ಕ್ರಮ, ಹೊಸ ಕ್ರಮ: ಮೇಳದ ಬುಕಿಂಗ್ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು

ಯಕ್ಷಗಾನ ಮೇಳಗಳ ಹರಕೆ ಆಟದ ಬುಕಿಂಗ್ ಇಡಲು ಒಂದು ಡೇಟಾಬೇಸ್ ಬೇಕು ಎಂದಿಟ್ಟುಕೊಳ್ಳಿ. ಸೇವಾಕರ್ತರ ಹೆಸರು, ಊರು, ತಾಲೂಕು, ಫೋನ್, ಆಟದ ದಿನ, ಯಾವ ಮೇಳ, ಮುಂಗಡ ಎಷ್ಟು ಬಂತು, ಬುಕಿಂಗ್ ಸ್ಥಿತಿ ಏನು. ವಿವರ ಇಷ್ಟೇ. ಹದಿನೈದು ವರ್ಷದ ಹಿಂದೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಇಂಥದ್ದೊಂದು ಟೇಬಲ್ ಬರೆದಿದ್ದರೆ ಅದು ಹೆಚ್ಚುಕಡಿಮೆ ಹೀಗಿರುತ್ತಿತ್ತು. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ವಾರ್‌ಚಾರ್ 20 ಎಂದರೆ 20ರ ಉದ್ದದ ತನಕ ಬರಹ, ಇಂಟ್ ಎಂದರೆ ಪೂರ್ಣಾಂಕ, ಫ್ಲೋಟ್ ಎಂದರೆ ದಶಮಾಂಶ ಸಂಖ್ಯೆ, ಈನಮ್ ಎಂದರೆ ಆವರಣದೊಳಗಿನ ಪಟ್ಟಿಯಲ್ಲಿರುವುದು ಮಾತ್ರ. ಎಂಜಿನ್ ಎಂದರೆ ಡೇಟಾ ಇಡುವ ತೆಗೆಯುವ ಒಳಭಾಗ, ಕ್ಯಾರೆಕ್ಟರ್ ಸೆಟ್ ಎಂದರೆ ಟೇಬಲ್ ಹಿಡಿಯಬಲ್ಲ ಅಕ್ಷರಗಳ ಗುಂಪು.)

ಟೇಬಲ್: ಆಟ
ಐಡಿ: ಇಂಟ್, ಆಟೋ ಇನ್‌ಕ್ರಿಮೆಂಟ್, ಪ್ರೈಮರಿ ಕೀ
ಹೆಸರು: ವಾರ್‌ಚಾರ್ 20
ಊರು: ವಾರ್‌ಚಾರ್ 20
ತಾಲೂಕು: ಈನಮ್ (ಉಡುಪಿ, ಕುಂದಾಪುರ, ಕಾರ್ಕಳ)
ಫೋನ್: ಇಂಟ್
ದಿನ: ವಾರ್‌ಚಾರ್ 10
ಮೇಳ: ಇಂಟ್
ಮುಂಗಡ: ಫ್ಲೋಟ್
ಸ್ಥಿತಿ: ವಾರ್‌ಚಾರ್ 10
ಎಂಜಿನ್: ಮೈಐಸ್ಯಾಮ್, ಕ್ಯಾರೆಕ್ಟರ್ ಸೆಟ್: ಲ್ಯಾಟಿನ್1

ಈ ಟೇಬಲ್‌ನಲ್ಲಿ ದೋಷವಿದೆ ಎಂದು ಡೇಟಾಬೇಸ್ ಹೇಳುವುದಿಲ್ಲ. ಕಮಾಂಡ್ ಓಡುತ್ತದೆ, ಡೇಟಾ ಒಳಗೆ ಹೋಗುತ್ತದೆ, ಪತ್ತನಾಜೆಗೆ ಆ ವರ್ಷದ ತಿರುಗಾಟ ಮುಗಿಯುವವರೆಗೂ ಎಲ್ಲ ಸರಿ ಇದ್ದಂತೆಯೇ ಕಾಣಬಹುದು. ಹಳೇ ಕ್ರಮದಲ್ಲಿ ಟೇಬಲ್ ಎಂದರೆ ಡೇಟಾ ಇಡುವ ಜಾಗ ಅಷ್ಟೇ. ಯಾವುದು ಸರಿ, ಯಾವುದು ತಪ್ಪು ಎಂಬ ನಿಯಮವೆಲ್ಲ ಪಿಎಚ್‌ಪಿ ಕೋಡ್‌ನಲ್ಲಿ ಇರುತ್ತಿತ್ತು, ಅಲ್ಲೂ ಇಲ್ಲದಿದ್ದರೆ ಕೌಂಟರ್‌ನಲ್ಲಿ ಕೂತವರ ತಲೆಯಲ್ಲಿ. ಹೊಸ ಕ್ರಮದಲ್ಲಿ ಆ ನಿಯಮಗಳು ಟೇಬಲ್‌ನ ಡೆಫಿನಿಷನ್‌ಗೇ ಬರುತ್ತವೆ. ಇದರ ಅಗತ್ಯ ಸುಲಭವಾಗಿ ತಿಳಿಯುತ್ತದೆ: ಒಂದೇ ಟೇಬಲ್‌ಗೆ ಇವತ್ತು ವೆಬ್ ಫಾರ್ಮ್‌ನಿಂದ ಸಾಲು ಬರುತ್ತದೆ, ಮೊಬೈಲ್ ಆ್ಯಪ್‌ನಿಂದ ಬರುತ್ತದೆ, ಎಕ್ಸೆಲ್ ಫೈಲ್‌ನಿಂದ ಒಟ್ಟಿಗೆ ನೂರಾರು ಬರುತ್ತವೆ, ಅರ್ಜೆಂಟ್ ಇದ್ದಾಗ ಯಾರೋ ಪಿಎಚ್‌ಪಿಮೈಅಡ್ಮಿನ್ ತೆರೆದು ಕೈಯಲ್ಲೇ ತಿದ್ದುತ್ತಾರೆ. ಫಾರ್ಮ್‌ನ ಕೋಡ್‌ನಲ್ಲಿ ಬರೆದ ನಿಯಮ ಉಳಿದ ಮೂರು ದಾರಿಗಳಿಗೆ ತಾಗುವುದೇ ಇಲ್ಲ.

ಕನ್ನಡದ ಹೆಸರು, ಟೇಬಲ್‌ನ ಲೆಕ್ಕ

ನಮ್ಮಲ್ಲಿ ಮೊದಲು ಕೈಕೊಡುವುದು ಹೆಸರಿನ ಕಾಲಮ್. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಮೂಲಾಕ್ಷರ, ಪ್ರತಿ ಗುಣಿತ ಚಿಹ್ನೆ, ಒತ್ತಕ್ಷರ ಮಾಡುವ ಪ್ರತಿ ಹಲಂತ ಚಿಹ್ನೆ (್) ಬೇರೆ ಬೇರೆ ಕೋಡ್. ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್. ‘ಮಂಗಳೂರು’ ಎಂಬುದು ಓದುವವರಿಗೆ ನಾಲ್ಕು ಅಕ್ಷರ. ಡೇಟಾಬೇಸ್‌ಗೆ ಮ, ಅನುಸ್ವಾರ, ಗ, ಳ, ಊತ್ವ, ರ, ಉತ್ವ ಎಂದು 7 ಕೋಡ್, 21 ಬೈಟ್. ‘ಸುಬ್ರಹ್ಮಣ್ಯ’ವೂ ಕಣ್ಣಿಗೆ ನಾಲ್ಕೇ ಅಕ್ಷರ, ಒಳಗೆ 11 ಕೋಡ್, 33 ಬೈಟ್.

ಈಗ ‘20’ ಎಂದು ಬರೆದದ್ದು ಯಾವ 20 ಎಂಬ ಪ್ರಶ್ನೆ. ಒರಾಕಲ್ ಡೇಟಾಬೇಸ್‌ನಲ್ಲಿ ವಾರ್‌ಚಾರ್2 20 ಎಂದರೆ, ಸೆಟ್ಟಿಂಗ್ ಬದಲಿಸದಿದ್ದರೆ, 20 ಬೈಟ್. 21 ಬೈಟ್‌ನ ‘ಮಂಗಳೂರು’ ಅದರಲ್ಲಿ ಹಿಡಿಯುವುದಿಲ್ಲ. ಓಆರ್‌ಎ-12899 ಎಂಬ ಎರರ್ ಬರುತ್ತದೆ: ಇರುವುದು 21, ಗರಿಷ್ಠ 20. ‘20 ಚಾರ್’ ಎಂದು ಸ್ಪಷ್ಟವಾಗಿ ಬರೆದರೆ ಕೋಡ್‌ಗಳ ಲೆಕ್ಕ ಹಿಡಿಯುತ್ತದೆ. ಹಾಗೆ ಬರೆದರೂ 4000 ಬೈಟ್‌ನ ಸಾಮಾನ್ಯ ಮಿತಿ ಮೇಲಿಂದ ಇದ್ದೇ ಇರುತ್ತದೆ. ‘4000 ಚಾರ್’ ಎಂದು ಬರೆದ ಕಾಲಮ್‌ನಲ್ಲಿ ಕನ್ನಡದ 1,333 ಕೋಡ್ ಹಿಡಿದರೆ ಮುಗಿಯಿತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್, ಮೈಎಸ್‌ಕ್ಯೂಎಲ್ ಎರಡೂ ಕೋಡ್ ಎಣಿಸುತ್ತವೆ, ಬೈಟ್ ಅಲ್ಲ. ಆದರೂ ಮನೆತನದ ಹೆಸರು ಸೇರಿದ ಪೂರ್ತಿ ಹೆಸರಿಗೆ 20 ಸಾಲದು. ಹಳೇ ಮೈಎಸ್‌ಕ್ಯೂಎಲ್ ಇಂಥ ಹೆಸರಿನ ಬಾಲ ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳುತ್ತಿತ್ತು. ಕತ್ತರಿಸದೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ತಾನಾಗಿ ಬಂದದ್ದು 2015ರ 5.7 ಆವೃತ್ತಿಯಿಂದ.

ಕ್ಯಾರೆಕ್ಟರ್ ಸೆಟ್‌ನದ್ದು ಇನ್ನೂ ದೊಡ್ಡ ಕಥೆ. ಮೈಎಸ್‌ಕ್ಯೂಎಲ್ 8.0 ಬರುವ ತನಕ, ಅಂದರೆ 2018ರ ತನಕ, ಏನೂ ಬರೆಯದಿದ್ದರೆ ಸಿಗುತ್ತಿದ್ದದ್ದು ಲ್ಯಾಟಿನ್1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ‘ಉಡುಪಿ’ ಹೋಗಿ ಐದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಅದನ್ನು ತಿಳಿದವರು ‘ಯುಟಿಎಫ್8’ ಎಂದು ಬರೆದರು. ಮೈಎಸ್‌ಕ್ಯೂಎಲ್‌ನ ಆ ಹೆಸರಿನ ಸೆಟ್‌ನಲ್ಲಿ ಒಂದು ಕೋಡ್‌ಗೆ 3 ಬೈಟ್ ಮಾತ್ರ. ಕನ್ನಡಕ್ಕೆ ಅಷ್ಟು ಸಾಕು, ಎಮೋಜಿಗೆ ಸಾಲದು, ಅದಕ್ಕೆ 4 ಬೇಕು. ಇದು ಎಮೋಜಿಯ ಮಾತು, ನಮಗೇನು ಎಂದು ಬಿಟ್ಟುಬಿಡುವ ಹಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದರ ಜಾಗ ಇರುವುದು 4 ಬೈಟ್ ಬೇಕಾಗುವ ಭಾಗದಲ್ಲಿ. ಅಂದರೆ ತುಳು ಲಿಪಿಯಲ್ಲಿ ಊರಿನ ಹೆಸರು ಇಡಬೇಕಾದರೆ ಹಳೇ ‘ಯುಟಿಎಫ್8’ ಕಾಲಮ್ ತೆಗೆದುಕೊಳ್ಳುವುದಿಲ್ಲ. ಮೊದಲಿಂದಲೇ ಯುಟಿಎಫ್8ಎಂಬಿ4 ಬರೆಯಬೇಕು, 8.0ರಲ್ಲಿ ಏನೂ ಬರೆಯದಿದ್ದರೂ ಅದೇ ಸಿಗುತ್ತದೆ.

ಹಳೇ ಟೇಬಲ್‌ಗಳಲ್ಲಿ ‘ವಾರ್‌ಚಾರ್ 191’ ಎಂಬ ವಿಚಿತ್ರ ಸಂಖ್ಯೆ ಕಂಡಿದ್ದರೆ ಅದೂ ಇದರದ್ದೇ ಪರಿಣಾಮ. ಆಗ ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಜಿನ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಮಾಡುವ ಸೂಚಿ) ಇರುವ ಕಾಲಮ್‌ನ ಮಿತಿ 767 ಬೈಟ್. 3ರ ಲೆಕ್ಕದಲ್ಲಿ 255 ಕೋಡ್ ಹಿಡಿಯುತ್ತಿತ್ತು, 4ರ ಲೆಕ್ಕಕ್ಕೆ ಬಂದಾಗ 191ಕ್ಕೆ ಇಳಿಸಬೇಕಾಯಿತು. ಈಗ ಡೈನಾಮಿಕ್ ರೋ ಫಾರ್ಮ್ಯಾಟ್‌ನಲ್ಲಿ ಮಿತಿ 3072 ಬೈಟ್. ಹೊಸ ಟೇಬಲ್‌ನಲ್ಲಿ 191ನ್ನು ನಕಲು ಮಾಡುವ ಅಗತ್ಯವಿಲ್ಲ.

ಒಂದೇ ಬೆಲೆ ಎರಡು ಸಲ ಬಾರದಂತೆ ತಡೆಯುವ ‘ಯೂನಿಕ್’ ನಿಯಮ ಇದ್ದರೂ ಒಂದೇ ಊರು ಎರಡು ಸಲ ಸೇರುವುದಕ್ಕೆ ಇನ್ನೊಂದು ಕಾರಣವಿದೆ. ‘ಕೊಲ್ಲೂರು’ ಎಂಬುದರ ಮೊದಲ ಒತ್ವವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಕೋಡ್‌ಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಹೋಲಿಸುವ ಡೇಟಾಬೇಸ್‌ಗೆ ಅವು ಬೇರೆ ಊರು. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ನೇರ ಮದ್ದಿದೆ: ಚೆಕ್ (ಊರು ಈಸ್ ಎನ್‌ಎಫ್‌ಸಿ ನಾರ್ಮಲೈಸ್ಡ್). ಚೆಕ್ ಎಂದರೆ ಷರತ್ತಿಗೆ ಹೊಂದದ ಸಾಲನ್ನು ತಡೆಯುವ ನಿಯಮ, ಎನ್‌ಎಫ್‌ಸಿ ಎಂದರೆ ಕೋಡ್‌ಗಳನ್ನು ಕೂಡಿಸಿದ ರೂಪ. ಒಡೆದ ರೂಪದಲ್ಲಿ ಬಂದದ್ದನ್ನು ಟೇಬಲ್ ತಿರಸ್ಕರಿಸುತ್ತದೆ. ಕೋಡ್‌ನಲ್ಲಿ ನಾರ್ಮಲೈಸ್ ಫಂಕ್ಷನ್ ಹಾಕಿ ಕಳಿಸಿದರೆ ಸ್ವೀಕರಿಸುತ್ತದೆ. ಸರ್ವರ್‌ನ ಎನ್‌ಕೋಡಿಂಗ್ ಯುಟಿಎಫ್8 ಆಗಿದ್ದರೆ ಮಾತ್ರ ಇದು ನಡೆಯುತ್ತದೆ.

ಅಂಕಿ, ದಿನ, ದುಡ್ಡು

ಫೋನ್ ನಂಬರನ್ನು ಇಂಟ್ ಎಂದು ಬರೆದ ಟೇಬಲ್‌ಗಳು ಈಗಲೂ ಬೇಕಾದಷ್ಟಿವೆ. ಇಂಟ್‌ನ ಗರಿಷ್ಠ ಬೆಲೆ 2147483647. 9ರಿಂದ ಶುರುವಾಗುವ ಹತ್ತಂಕಿ ಮೊಬೈಲ್ ಇದಕ್ಕಿಂತ ದೊಡ್ಡದು. ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಅದನ್ನು ಇಳಿಸಿ 2147483647 ಎಂದೇ ಬರೆದಿಡುತ್ತದೆ. ಹಳೇ ಟೇಬಲ್‌ನಲ್ಲಿ ಹತ್ತಾರು ಸೇವಾಕರ್ತರಿಗೆ ಇದೇ ನಂಬರ್ ಕಂಡರೆ ನಡೆದದ್ದು ಇದು. ಬಿಗ್‌ಇಂಟ್ ಮಾಡಿದರೆ ಹತ್ತಂಕಿ ಹಿಡಿಯುತ್ತದೆ, ಮುಂದಿನ ಸೊನ್ನೆ ಮಾತ್ರ ಹೋಗುತ್ತದೆ. ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದ್ದು 0820. ಸೊನ್ನೆ ಹೋದ ಮಂಗಳೂರಿನ ಲ್ಯಾಂಡ್‌ಲೈನ್ 824 ಎಂದು ಶುರುವಾಗುವ ಹತ್ತಂಕಿ ಆಗುತ್ತದೆ. ಮೊಬೈಲ್ ನಂಬರ್‌ಗಳೂ 8ರಿಂದ ಶುರುವಾಗುತ್ತವೆ. ಯಾವುದು ಯಾವುದೆಂದು ಆಮೇಲೆ ಟೇಬಲ್ ನೋಡಿ ಹೇಳಲು ಸಾಧ್ಯವೇ ಇಲ್ಲ. ಕೂಡಿಸಿ ಕಳೆಯುವ ಕೆಲಸವಿಲ್ಲದ ಅಂಕಿಯನ್ನು ಟೆಕ್ಸ್ಟ್ ಆಗಿಯೇ ಇಡಬೇಕು. ಫೋನ್, ಪಿನ್ ಕೋಡ್, ಆಧಾರ್, ರಶೀದಿ ಸಂಖ್ಯೆ ಎಲ್ಲಕ್ಕೂ ಇದೇ ನಿಯಮ.

ದಿನವನ್ನು ಹತ್ತು ಅಕ್ಷರದ ಟೆಕ್ಸ್ಟ್ ಮಾಡಿದರೆ ‘05-12-2025’ ಎಂಬುದು ‘20-11-2025’ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ 0 ಎಂಬ ಅಕ್ಷರ 2ಕ್ಕಿಂತ ಮುಂಚೆ. ‘31-02-2026’ ಕೂಡ ಸಲೀಸಾಗಿ ಒಳಗೆ ಹೋಗುತ್ತದೆ. ಡೇಟ್ ಟೈಪ್ ಎರಡನ್ನೂ ಸರಿಪಡಿಸುತ್ತದೆ. ದಿನ, ಸಮಯ ಎರಡನ್ನೂ ಹಿಡಿಯುವ ಟೈಮ್‌ಸ್ಟಾಂಪ್ ಟೈಪ್ ಬಳಸುವವರು ಮೈಎಸ್‌ಕ್ಯೂಎಲ್‌ನಲ್ಲಿ ಜಾಗ್ರತೆ ವಹಿಸಬೇಕು: ಅಲ್ಲಿ ಅದರ ಕೊನೆ 2038ರ ಜನವರಿ 19, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಹರಕೆ ಆಟ ಬಹಳ ವರ್ಷ ಮುಂದಕ್ಕೆ ಬುಕ್ ಆಗುತ್ತದೆ. 2039ರ ಆಟ ಬರೆದುಕೊಳ್ಳಲು ಆ ದಿನ ಬರುವವರೆಗೆ ಕಾಯಬೇಕಿಲ್ಲ, ಎರರ್ ಇವತ್ತೇ ಬರುತ್ತದೆ. ಆಟದ ದಿನಕ್ಕೆ ಡೇಟ್ ಸಾಕು. ಇಡೀ ರಾತ್ರಿಯ ಆಟ ಮರುದಿನ ಬೆಳಗ್ಗೆ ಮುಗಿದರೂ ಚೌಕಿ ಪೂಜೆ ಆದ ದಿನವೇ ಆಟದ ದಿನ ಎಂದು ಒಮ್ಮೆ ತೀರ್ಮಾನಿಸಿ, ಟೇಬಲ್‌ನ ಕಮೆಂಟ್‌ನಲ್ಲಿ ಅದನ್ನು ಬರೆದಿಡಿ.

ಹಣ ಬಂದ ಸಮಯದ ವಿಚಾರ ಬೇರೆ. ದುಬೈಯಲ್ಲಿರುವವರು ರಾತ್ರಿ 11ಕ್ಕೆ ಕಟ್ಟಿದ ಮುಂಗಡ ಇಲ್ಲಿ ಮಧ್ಯರಾತ್ರಿ ಕಳೆದು ಮರುದಿನದ 12.30ಕ್ಕೆ ಬಂದಂತೆ. ಸರ್ವರ್ ಯುಟಿಸಿ ಎಂಬ ಜಾಗತಿಕ ಮೂಲ ಸಮಯದಲ್ಲಿದ್ದರೆ ಅದೇ ಕ್ಷಣ ಅಲ್ಲಿ ಇನ್ನೂ ಹಿಂದಿನ ದಿನ ಸಂಜೆ 7. ಸಮಯ ವಲಯ ಇಲ್ಲದ ಟೈಮ್‌ಸ್ಟಾಂಪ್‌ನಲ್ಲಿ ಈ ಮೂರರಲ್ಲಿ ಯಾವುದನ್ನು ಬರೆದಿದೆ ಎಂದು ತಿಳಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಟೈಮ್‌ಸ್ಟಾಂಪ್ ವಿತ್ ಟೈಮ್ ಝೋನ್’ ಬರೆಯಿರಿ. ಅದು ವಲಯದ ಹೆಸರನ್ನು ಉಳಿಸುವುದಿಲ್ಲ, ಕ್ಷಣವನ್ನು ಯುಟಿಸಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ದಿನದ ಜಮೆ ಲೆಕ್ಕ ತೆಗೆಯುವಾಗ ‘ಏಷ್ಯಾ/ಕೋಲ್ಕತ್ತಾ’ಕ್ಕೆ ತಂದು ಆಮೇಲೆ ದಿನ ಹಿಡಿಯಬೇಕು. ಇಲ್ಲವಾದರೆ ಮಧ್ಯರಾತ್ರಿಯಿಂದ ಬೆಳಗ್ಗೆ 5.30ರ ಒಳಗೆ ಬಂದ ದುಡ್ಡೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ.

ದುಡ್ಡಿಗೆ ಫ್ಲೋಟ್ ಬೇಡವೇ ಬೇಡ. ಮೈಎಸ್‌ಕ್ಯೂಎಲ್‌ನ ಫ್ಲೋಟ್‌ನಲ್ಲಿ 24 ಬಿಟ್‌ನ ನಿಖರತೆ ಮಾತ್ರ ಇರುವುದರಿಂದ 1,67,77,217 ರೂಪಾಯಿ ಬರೆದರೆ 1,67,77,216 ಆಗಿ ಕೂರುತ್ತದೆ. ಸಣ್ಣ ಮೊತ್ತದಲ್ಲೂ ಪೈಸೆ ಕೂಡಿಸುತ್ತ ಹೋದಂತೆ ಹೊಂದುವುದಿಲ್ಲ. ನ್ಯೂಮೆರಿಕ್ (12,2) ಬರೆದರೆ ಸಾವಿರ ಕೋಟಿಯ ಹತ್ತಿರದ ತನಕ ಪೈಸೆ ತಪ್ಪುವುದಿಲ್ಲ.

ಒಂದೇ ರಾತ್ರಿ, ಒಂದೇ ಮೇಳ, ಎರಡು ಕಡೆ ಆಟ

ಈ ಟೇಬಲ್‌ನ ಅತಿ ಮುಖ್ಯ ನಿಯಮ ಒಂದೇ: ಒಂದು ಮೇಳಕ್ಕೆ ಒಂದು ರಾತ್ರಿ ಒಂದೇ ಆಟ. ಹಳೇ ಕ್ರಮದಲ್ಲಿ ಇದನ್ನು ಕೋಡ್ ನೋಡಿಕೊಳ್ಳುತ್ತಿತ್ತು. ಮೊದಲು ಸೆಲೆಕ್ಟ್ ಓಡಿಸಿ ಆ ದಿನ ಖಾಲಿ ಇದೆಯೇ ನೋಡುವುದು, ಖಾಲಿ ಇದ್ದರೆ ಇನ್ಸರ್ಟ್ ಮಾಡುವುದು.

ಇದು ಮುರಿಯುವ ಬಗೆಯನ್ನು ಸೆಕೆಂಡ್ ಲೆಕ್ಕದಲ್ಲಿ ನೋಡಬೇಕು. ಕೌಂಟರ್‌ನವರು 10 ಗಂಟೆ 0 ನಿಮಿಷ 1 ಸೆಕೆಂಡ್‌ಗೆ ಸೆಲೆಕ್ಟ್ ಓಡಿಸುತ್ತಾರೆ: ಡಿಸೆಂಬರ್ 14 ಖಾಲಿ. 2ನೇ ಸೆಕೆಂಡ್‌ಗೆ ಆನ್‌ಲೈನ್‌ನಲ್ಲಿ ಇನ್ನೊಬ್ಬರ ಸೆಲೆಕ್ಟ್: ಅವರಿಗೂ ಖಾಲಿ, ಏಕೆಂದರೆ ಮೊದಲನೆಯವರದ್ದು ಇನ್ನೂ ಬರೆದೇ ಇಲ್ಲ. 3ನೇ ಸೆಕೆಂಡ್‌ಗೆ ಮೊದಲ ಇನ್ಸರ್ಟ್, 4ನೇ ಸೆಕೆಂಡ್‌ಗೆ ಎರಡನೆಯದ್ದು. ಇಬ್ಬರಿಗೂ ರಶೀದಿ ಬಂತು. ಕೋಡ್‌ನಲ್ಲಿ ತಪ್ಪಿಲ್ಲ, ಟೆಸ್ಟ್ ಮಾಡಿದಾಗ ಒಮ್ಮೆಯೂ ಸಿಕ್ಕಿರಲಿಕ್ಕಿಲ್ಲ, ಏಕೆಂದರೆ ಟೆಸ್ಟ್ ಮಾಡುವವರು ಒಬ್ಬರೇ ಇರುತ್ತಾರೆ. ಸೆಲೆಕ್ಟ್ ಮತ್ತು ಇನ್ಸರ್ಟ್ ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ ಎಂಬ ಕೆಲಸಗಳ ಕಟ್ಟು) ಒಳಗಿದ್ದರೂ, ಒಬ್ಬರ ಟ್ರಾನ್ಸಾಕ್ಷನ್ ಇನ್ನೊಬ್ಬರದ್ದರಿಂದ ಎಷ್ಟು ಬೇರೆಯಾಗಿರಬೇಕು ಎನ್ನುವ ಸಾಮಾನ್ಯ ಐಸೊಲೇಷನ್ ಮಟ್ಟದಲ್ಲಿ ಇದು ತಪ್ಪುವುದಿಲ್ಲ.

ಯೂನಿಕ್ (ಮೇಳ, ದಿನ) ಎಂದು ಟೇಬಲ್‌ನಲ್ಲಿ ಬರೆದರೆ ಎರಡನೇ ಇನ್ಸರ್ಟ್‌ಗೆ ಎರರ್ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕೋಡ್ 23505, ಮೈಎಸ್‌ಕ್ಯೂಎಲ್‌ನಲ್ಲಿ 1062. ಆ್ಯಪ್ ಅದನ್ನು ಹಿಡಿದು ‘ಆ ದಿನ ಈ ಮೇಳ ಆಗಲೇ ಬುಕ್ ಆಗಿದೆ’ ಎಂದು ತೋರಿಸಬೇಕು. ಕನ್‌ಸ್ಟ್ರೇಂಟ್‌ಗೆ, ಅಂದರೆ ಟೇಬಲ್‌ನಲ್ಲಿ ಬರೆದ ಇಂಥ ನಿಯಮಕ್ಕೆ, ಅರ್ಥವಾಗುವ ಹೆಸರಿಡಿ. ಎರರ್ ಸಂದೇಶದಲ್ಲಿ ಅದೇ ಹೆಸರು ಬರುವುದರಿಂದ ಯಾವ ನಿಯಮ ತಡೆಯಿತು ಎಂದು ಕೂಡಲೇ ತಿಳಿಯುತ್ತದೆ.

ನಿಜವಾದ ಬಳಕೆಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಮನೆಯಲ್ಲಿ ಸೂತಕ ಬಂದರೆ ಆಟ ಮುಂದಕ್ಕೆ ಹೋಗುತ್ತದೆ. ಹಳೇ ಸಾಲನ್ನು ‘ರದ್ದು’ ಎಂದು ಗುರುತಿಸಿ ಇಟ್ಟುಕೊಳ್ಳಬೇಕು, ಖಾಲಿಯಾದ ದಿನವನ್ನು ಬೇರೆಯವರಿಗೆ ಕೊಡಬೇಕು. ಸಾದಾ ಯೂನಿಕ್ ಈಗ ಅಡ್ಡ ಬರುತ್ತದೆ, ರದ್ದಾದ ಸಾಲನ್ನೂ ಅದು ಎಣಿಸುತ್ತದೆ. ಇಲ್ಲೇ ಬಹಳ ಮಂದಿ ಯೂನಿಕ್ ಕಿತ್ತುಹಾಕಿ ಮತ್ತೆ ಕೋಡ್‌ಗೆ ಹಿಂತಿರುಗುತ್ತಾರೆ. ಹಾಗೆ ಮಾಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪಾರ್ಶಿಯಲ್ ಯೂನಿಕ್ ಇಂಡೆಕ್ಸ್ ಇದೆ: (ಮೇಳ, ದಿನ) ಮೇಲೆ, ಸ್ಥಿತಿ ‘ರದ್ದು’ ಅಲ್ಲದ ಸಾಲುಗಳಿಗೆ ಮಾತ್ರ. ಮೈಎಸ್‌ಕ್ಯೂಎಲ್‌ನಲ್ಲಿ ಪಾರ್ಶಿಯಲ್ ಇಂಡೆಕ್ಸ್ ಇಲ್ಲ, ಆದರೆ 5.7ರಿಂದ ಬೇರೆ ಕಾಲಮ್‌ಗಳಿಂದ ತಾನೇ ಲೆಕ್ಕ ಹಾಕಿಕೊಳ್ಳುವ ಜನರೇಟೆಡ್ ಕಾಲಮ್ ಇದೆ. ‘ಸಕ್ರಿಯ ದಿನ’ ಎಂಬ ಕಾಲಮ್ ಮಾಡಿ, ರದ್ದಾದರೆ ನಲ್ (ಬೆಲೆಯೇ ಇಲ್ಲದ ಖಾಲಿ), ಇಲ್ಲವಾದರೆ ದಿನ ಎಂದು ಲೆಕ್ಕ ಕೊಡಿ. (ಮೇಳ, ಸಕ್ರಿಯ ದಿನ) ಮೇಲೆ ಯೂನಿಕ್ ಹಾಕಿ. ಯೂನಿಕ್‌ನಲ್ಲಿ ನಲ್ ಎಷ್ಟು ಬಾರಿ ಬಂದರೂ ಅಡ್ಡಿಯಿಲ್ಲವಾದ್ದರಿಂದ ರದ್ದಾದವು ತಾವಾಗಿ ಹೊರಗೆ ಉಳಿಯುತ್ತವೆ.

ಇದರಲ್ಲಿ ಒಂದು ಗುಂಡಿ ಇದೆ. ಸ್ಥಿತಿ ಕಾಲಮ್‌ನಲ್ಲೇ ನಲ್ ಇದ್ದರೆ? ನಲ್ ಎಂಬುದು ‘ರದ್ದು’ ಅಲ್ಲವೇ ಎಂದು ಕೇಳಿದರೆ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ, ಗೊತ್ತಿಲ್ಲ ಎನ್ನುತ್ತದೆ. ಆ ಸಾಲು ಇಂಡೆಕ್ಸ್‌ಗೆ ಸೇರುವುದೇ ಇಲ್ಲ, ಎರಡು ಬುಕಿಂಗ್ ಮತ್ತೆ ನುಸುಳುತ್ತದೆ. ಚೆಕ್‌ನಲ್ಲೂ ಹೀಗೆಯೇ: ಷರತ್ತಿನ ಉತ್ತರ ‘ಗೊತ್ತಿಲ್ಲ’ ಆದರೆ ಸಾಲು ಪಾಸಾಗುತ್ತದೆ. ‘ಮುಂಗಡ ಸೊನ್ನೆಗಿಂತ ಕಡಿಮೆ ಇರಬಾರದು’ ಎಂದು ಚೆಕ್ ಬರೆದರೂ ಮುಂಗಡವೇ ಇಲ್ಲದ ಸಾಲು ಒಳಗೆ ಹೋಗುತ್ತದೆ. ಆದ್ದರಿಂದ ಚೆಕ್, ಪಾರ್ಶಿಯಲ್ ಇಂಡೆಕ್ಸ್ ಬರೆಯುವ ಪ್ರತಿ ಕಾಲಮ್‌ಗೂ ಖಾಲಿ ಬಿಡುವಂತಿಲ್ಲ ಎನ್ನುವ ‘ನಾಟ್ ನಲ್’ ಜೊತೆಗಿರಲಿ.

ದಿನದ ಬದಲು ಗಂಟೆ ಲೆಕ್ಕದಲ್ಲಿ ಬುಕ್ ಆಗುವ ಸಭಾಂಗಣಕ್ಕೆ ಯೂನಿಕ್ ಸಾಲದು, 4ರಿಂದ 8 ಮತ್ತು 7ರಿಂದ 10 ಒಂದರ ಮೇಲೊಂದು ಬರುತ್ತವೆ. ಪೋಸ್ಟ್‌ಗ್ರೆಸ್‌ನ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಇದಕ್ಕೇ ಇರುವುದು; ಸಭಾಂಗಣದ ಐಡಿಯನ್ನೂ ಸೇರಿಸಲು ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಷನ್ ಬೇಕು. 2025ರ 18ನೇ ಆವೃತ್ತಿಯಲ್ಲಿ ಇದೇ ಕೆಲಸ ‘ವಿದೌಟ್ ಓವರ್‌ಲ್ಯಾಪ್ಸ್’ ಎಂಬ ಎರಡು ಪದದಲ್ಲಿ ಆಗುತ್ತದೆ.

ಬರೆದರೂ ಪಾಲಿಸದ ನಿಯಮ

ಹಳೇ ಟೇಬಲ್‌ನ ಡೆಫಿನಿಷನ್ ಓದಿ ‘ಫಾರಿನ್ ಕೀ ಇದೆ, ಚೆಕ್ ಇದೆ’ ಎಂದು ನೆಮ್ಮದಿ ಪಡುವುದು ಅಪಾಯ. (ಫಾರಿನ್ ಕೀ ಎಂದರೆ ಈ ಕಾಲಮ್‌ನ ಬೆಲೆ ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಎಂಬ ನಿಯಮ.) ಮೈಐಸ್ಯಾಮ್ ಎಂಜಿನ್ ಫಾರಿನ್ ಕೀ ಸಾಲನ್ನು ಓದಿ, ಎರರ್ ಕೊಡದೆ, ಸುಮ್ಮನೆ ಬಿಟ್ಟುಬಿಡುತ್ತಿತ್ತು. ಇನ್ನೊಡಿಬಿ ಡಿಫಾಲ್ಟ್ ಆದದ್ದು 2010ರ 5.5ರಿಂದ. ಚೆಕ್ ನಿಯಮವನ್ನಂತೂ ಮೈಎಸ್‌ಕ್ಯೂಎಲ್ 2019ರ 8.0.16ರ ತನಕ ಓದಿ ಮರೆಯುತ್ತಿತ್ತು. ಕಾಲಮ್‌ನ ಪಕ್ಕದಲ್ಲೇ ‘ರೆಫರೆನ್ಸಸ್’ ಎಂದು ಬರೆದರೆ ಇನ್ನೊಡಿಬಿಯಲ್ಲೂ ಕೆಲಸ ಮಾಡುತ್ತಿರಲಿಲ್ಲ, ಕೆಳಗೆ ಬೇರೆ ಸಾಲಾಗಿ ‘ಫಾರಿನ್ ಕೀ’ ಎಂದು ಬರೆಯಲೇಬೇಕಿತ್ತು. ಪಕ್ಕದಲ್ಲಿ ಬರೆದದ್ದನ್ನು ಪಾಲಿಸತೊಡಗಿದ್ದು 2024ರ 9.0ರಿಂದ. ಮೊಬೈಲ್ ಆ್ಯಪ್‌ಗಳಲ್ಲಿರುವ ಎಸ್‌ಕ್ಯೂಲೈಟ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ‘ಪ್ರಾಗ್ಮಾ ಫಾರಿನ್ ಕೀಸ್ ಆನ್’ ಎನ್ನದಿದ್ದರೆ ಫಾರಿನ್ ಕೀ ನಡೆಯುವುದಿಲ್ಲ. ಅಲ್ಲಿ ಇಂಟಿಜರ್ ಕಾಲಮ್‌ಗೆ ‘ನಾಳೆ’ ಎಂದು ಬರೆದರೂ ಇಟ್ಟುಕೊಳ್ಳುತ್ತದೆ. 2021ರ 3.37ರಿಂದ ಟೇಬಲ್‌ನ ಕೊನೆಗೆ ‘ಸ್ಟ್ರಿಕ್ಟ್’ ಸೇರಿಸಿದರೆ ಮಾತ್ರ ಟೈಪ್ ನೋಡುತ್ತದೆ.

ಆದ್ದರಿಂದ ನಿಯಮ ಬರೆದ ಕೂಡಲೇ ಅದನ್ನು ಮುರಿಯುವ ಒಂದು ಸಾಲು ಹಾಕಿ ನೋಡಿ. ಎರರ್ ಬಂದರೆ ನಿಯಮ ಇದೆ, ಬಾರದಿದ್ದರೆ ಅದು ಬರೀ ಬರಹ.

ಕೀ ಯಾವುದಾಗಬೇಕು

ಹಿಂದೆ ಹೊರಗಿನ ಜಗತ್ತಿನ ಕೋಡನ್ನೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತು, ಮಾಡುವ ರೂಢಿ ಇತ್ತು. ಬ್ಯಾಂಕ್ ಶಾಖೆಗೆ ಐಎಫ್‌ಎಸ್‌ಸಿ ಇದೆಯಲ್ಲ, ಬೇರೆ ಐಡಿ ಯಾಕೆ ಎಂಬ ವಾದ. ನಾಲ್ಕು ರಾಷ್ಟ್ರೀಕೃತ ಬ್ಯಾಂಕ್‌ಗಳು ಹುಟ್ಟಿದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅದರ ಉತ್ತರ ಎಲ್ಲರೂ ಕಂಡದ್ದೇ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು, 2021ರ ಜುಲೈ 1ರಿಂದ ಅದರ ಹಳೇ ಐಎಫ್‌ಎಸ್‌ಸಿ ನಡೆಯಲಿಲ್ಲ. ಕಾರ್ಪೊರೇಷನ್, ವಿಜಯಾ ಬ್ಯಾಂಕ್‌ಗಳ ಕೋಡ್‌ಗಳೂ ವಿಲೀನದ ನಂತರ ಹೋದವು. ಐಎಫ್‌ಎಸ್‌ಸಿಯನ್ನೇ ಕೀ ಮಾಡಿದ್ದ ಟೇಬಲ್‌ನಲ್ಲಿ ಅದನ್ನು ಬದಲಿಸಬೇಕಾದರೆ ಅದನ್ನು ಹಿಡಿದಿರುವ ಪ್ರತಿ ಪಾವತಿ ಸಾಲನ್ನೂ ಮುಟ್ಟಬೇಕು. ಒಳಗಿನ ಐಡಿ ಕೀ ಆಗಿದ್ದು ಐಎಫ್‌ಎಸ್‌ಸಿ ಯೂನಿಕ್ ಕಾಲಮ್ ಆಗಿದ್ದರೆ ಒಂದು ಶಾಖೆಗೆ ಒಂದೇ ಅಪ್‌ಡೇಟ್. ಜೊತೆಗೊಂದು ಚೆಕ್ ಇರಲಿ: ಒಟ್ಟು 11 ಅಕ್ಷರ, ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಐದನೆಯದು ಸೊನ್ನೆ. ಐದನೆಯ ಜಾಗಕ್ಕೆ ‘ಓ’ ಅಕ್ಷರ ಟೈಪ್ ಮಾಡುವುದು ತೀರಾ ಸಾಮಾನ್ಯ, ಈ ಚೆಕ್ ಅದನ್ನು ಹಿಡಿಯುತ್ತದೆ.

ಒಳಗಿನ ಐಡಿ ಬರೆಯುವುದಕ್ಕೂ ಹಳತು ಹೊಸತು ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು ‘ಸೀರಿಯಲ್’ ಬರೆಯುತ್ತಿದ್ದರು. ಅದು 4 ಬೈಟ್‌ನದ್ದು. ಹಿಂದಿನಿಂದ ಒಂದು ಸೀಕ್ವೆನ್ಸ್ (ಮುಂದಿನ ಸಂಖ್ಯೆ ಕೊಡುವ ಎಣಿಕೆ) ಮಾಡುತ್ತದೆ, ಅದಕ್ಕೆ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ಯಾರಾದರೂ ಕೈಯಲ್ಲಿ ಐಡಿ 501 ಎಂದು ಹಾಕಿದರೆ ಸೀಕ್ವೆನ್ಸ್‌ಗೆ ಅದು ತಿಳಿಯುವುದಿಲ್ಲ. ಅದು 501ಕ್ಕೆ ಬಂದ ದಿನ ‘ಡೂಪ್ಲಿಕೇಟ್ ಕೀ’. 2017ರ 10ನೇ ಆವೃತ್ತಿಯಿಂದ ‘ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ’ ಇದೆ, ಇನ್ಸರ್ಟ್‌ನಲ್ಲಿ ಕೈಯಿಂದ ಹಾಕಿದ ಐಡಿಯನ್ನು, ‘ಓವರ್‌ರೈಡಿಂಗ್ ಸಿಸ್ಟಮ್ ವ್ಯಾಲ್ಯೂ’ ಎಂದು ಬರೆಯದಿದ್ದರೆ, ಅದು ಒಪ್ಪುವುದಿಲ್ಲ. ಫೈಲ್‌ನಿಂದ ಒಟ್ಟಿಗೆ ತುಂಬುವ ಕಾಪಿ ಕಮಾಂಡ್ ಇದಕ್ಕೆ ಹೊರತು. ಫೈಲ್‌ನಲ್ಲಿರುವ ಐಡಿಯನ್ನು ಅದು ಹಾಗೆಯೇ ಬರೆಯುತ್ತದೆ, ಆದ್ದರಿಂದ ಹಳೇ ಡೇಟಾ ತುಂಬಿದ ಮೇಲೆ ‘ರೀಸ್ಟಾರ್ಟ್ ವಿತ್’ ಹೇಳಿ ಎಣಿಕೆಯನ್ನು ಗರಿಷ್ಠ ಐಡಿಯ ಮುಂದಿನದಕ್ಕೆ ತರಬೇಕು.

ಈ ಐಡಿಯನ್ನು ರಶೀದಿ ಸಂಖ್ಯೆಯಾಗಿ ಅಚ್ಚು ಹಾಕಬೇಡಿ. ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಕೂಡ ಒಂದು ಸಂಖ್ಯೆ ನುಂಗಿರುತ್ತದೆ, ಆಡಿಟ್‌ನವರು 1207 ಎಲ್ಲಿ ಎಂದು ಕೇಳುತ್ತಾರೆ. ಬಿಡುವಿಲ್ಲದ ಸಂಖ್ಯೆ ಬೇಕಾದರೆ ಒಂದು ಸಾಲಿನ ಕೌಂಟರ್ ಟೇಬಲ್ ಇಟ್ಟು, ರಶೀದಿ ಬರೆಯುವ ಟ್ರಾನ್ಸಾಕ್ಷನ್ ಒಳಗೇ ಅದನ್ನು ಒಂದು ಹೆಚ್ಚಿಸಿ ಬಳಸಿ. ಬುಕಿಂಗ್ ಸಾಲುಗಟ್ಟಿ ಒಂದಾದ ಮೇಲೊಂದು ಆಗುತ್ತದೆ, ಆದರೆ ಮೇಳದ ಕಚೇರಿಯ ವೇಗಕ್ಕೆ ಅದರಿಂದ ತೊಂದರೆಯಿಲ್ಲ.

ತಾಲೂಕಿನ ಈನಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1997ರಲ್ಲಿ ಜಿಲ್ಲೆಯಾದಾಗ ಉಡುಪಿಗೆ ಮೂರೇ ತಾಲೂಕು. ಈಗ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳು. ಈನಮ್ ಆದರೆ ಪ್ರತಿ ಬದಲಾವಣೆಗೂ ಟೇಬಲ್‌ನ ರಚನೆಯನ್ನೇ ತಿದ್ದುವ ಆಲ್ಟರ್ ಟೇಬಲ್ ಕಮಾಂಡ್. ತಾಲೂಕಿಗೆ ಬೇರೆ ಟೇಬಲ್ ಮಾಡಿ ಫಾರಿನ್ ಕೀ ಕೊಟ್ಟರೆ ನಾಲ್ಕು ಸಾಲು ಸೇರಿಸಿದರಾಯಿತು. ಊರಿಗೂ ಇದೇ ದಾರಿ, ಮೂಡುಬಿದಿರೆಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವ ತಲೆನೋವೂ ಅಲ್ಲಿಗೆ ಮುಗಿಯುತ್ತದೆ. ಪೋಸ್ಟ್‌ಗ್ರೆಸ್ ಫಾರಿನ್ ಕೀ ಕಾಲಮ್‌ಗೆ ತಾನಾಗಿ ಇಂಡೆಕ್ಸ್ ಮಾಡುವುದಿಲ್ಲ, ಕೈಯಲ್ಲಿ ಮಾಡಬೇಕು. ಇನ್ನೊಡಿಬಿ ಮಾಡುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಟೇಬಲ್ ಈಗ ಹೀಗಾಗುತ್ತದೆ:

ಐಡಿ: ಬಿಗ್‌ಇಂಟ್, ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ, ಪ್ರೈಮರಿ ಕೀ
ಹೆಸರು: ಟೆಕ್ಸ್ಟ್, ನಾಟ್ ನಲ್, ಚೆಕ್ (ಎನ್‌ಎಫ್‌ಸಿ ನಾರ್ಮಲೈಸ್ಡ್; ಉದ್ದ 1ರಿಂದ 120)
ಊರು ಐಡಿ: ಬಿಗ್‌ಇಂಟ್, ನಾಟ್ ನಲ್, ಫಾರಿನ್ ಕೀ (ತಾಲೂಕು ಊರಿನ ಟೇಬಲ್‌ನಲ್ಲಿ)
ಫೋನ್: ಟೆಕ್ಸ್ಟ್, ನಾಟ್ ನಲ್, ಚೆಕ್ (ಅಂಕಿ ಮತ್ತು ಮೊದಲ ಪ್ಲಸ್ ಚಿಹ್ನೆ ಮಾತ್ರ)
ದಿನ: ಡೇಟ್, ನಾಟ್ ನಲ್
ಮೇಳ ಐಡಿ: ಬಿಗ್‌ಇಂಟ್, ನಾಟ್ ನಲ್, ಫಾರಿನ್ ಕೀ
ಮುಂಗಡ: ನ್ಯೂಮೆರಿಕ್ (12,2), ನಾಟ್ ನಲ್, ಡಿಫಾಲ್ಟ್ 0, ಚೆಕ್ (0 ಅಥವಾ ಹೆಚ್ಚು)
ಸ್ಥಿತಿ: ಟೆಕ್ಸ್ಟ್, ನಾಟ್ ನಲ್, ಚೆಕ್ (ಕಾಯ್ದಿರಿಸಿದೆ, ಮುಗಿದಿದೆ, ರದ್ದು)
ಬರೆದ ಸಮಯ: ಟೈಮ್‌ಸ್ಟಾಂಪ್ ವಿತ್ ಟೈಮ್ ಝೋನ್, ನಾಟ್ ನಲ್, ಡಿಫಾಲ್ಟ್ ನೌ
ಪಾರ್ಶಿಯಲ್ ಯೂನಿಕ್ ಇಂಡೆಕ್ಸ್: (ಮೇಳ ಐಡಿ, ದಿನ), ಸ್ಥಿತಿ ‘ರದ್ದು’ ಅಲ್ಲದಾಗ

ವರ್ಷಕ್ಕೊಂದು ಟೇಬಲ್ ಮಾಡುವ ಹಳೇ ಅಭ್ಯಾಸ ಬೇಡ. ಒಂದು ಮೇಳಕ್ಕೆ ವರ್ಷಕ್ಕೆ ಸುಮಾರು 180 ಆಟ, ಆರು ಮೇಳ ಇದ್ದರೂ ಸಾವಿರ ಚಿಲ್ಲರೆ ಸಾಲು, 50 ವರ್ಷಕ್ಕೆ 55 ಸಾವಿರದ ಆಸುಪಾಸು. ಇಷ್ಟಕ್ಕೆ ಟೇಬಲ್ಲನ್ನು ಒಳಗೇ ಹೋಳು ಮಾಡುವ ಪಾರ್ಟಿಷನ್ ಕೂಡ ಅನಗತ್ಯ.

ಡಿಜಾಂಗೋ, ಎಸ್‌ಕ್ಯೂಎಲ್‌ಆಲ್ಕೆಮಿಯಂಥ ಪೈಥಾನ್ ಲೈಬ್ರರಿಯಲ್ಲಿ ಟೇಬಲ್ ಬರೆಯುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಡಿಜಾಂಗೋದ ವ್ಯಾಲಿಡೇಟರ್ ಪೈಥಾನ್‌ನಲ್ಲಿ ಮಾತ್ರ ಇರುತ್ತದೆ, ಟೇಬಲ್‌ಗೆ ಹೋಗುವುದಿಲ್ಲ. ಟೇಬಲ್‌ಗೆ ಹೋಗುವುದು 2019ರ 2.2ರಲ್ಲಿ ಬಂದ ಚೆಕ್ ಕನ್‌ಸ್ಟ್ರೇಂಟ್. ‘ಡಿಫಾಲ್ಟ್’ ಕೂಡ ಪೈಥಾನ್‌ನದ್ದೇ. ಟೇಬಲ್‌ನಲ್ಲೇ ಇರಬೇಕಾದರೆ 2023ರ 5.0ರ ‘ಡಿಬಿ ಡಿಫಾಲ್ಟ್’ ಬರೆಯಬೇಕು. ಎಸ್‌ಕ್ಯೂಎಲ್‌ಆಲ್ಕೆಮಿಯ ಹಳೇ ಶೈಲಿಯಲ್ಲಿ ಏನೂ ಹೇಳದ ಕಾಲಮ್ ನಲ್ ಒಪ್ಪುತ್ತಿತ್ತು. 2.0ರ ‘ಮ್ಯಾಪ್ಡ್’ ಶೈಲಿಯಲ್ಲಿ ಟೈಪ್‌ಗೆ ‘ಆಪ್ಷನಲ್’ ಎನ್ನದಿದ್ದರೆ ಅದು ನಾಟ್ ನಲ್. ಯಾವ ಲೈಬ್ರರಿ ಆದರೂ ಅದು ಹೊರಡಿಸಿದ ಕ್ರಿಯೇಟ್ ಟೇಬಲ್ ಕಮಾಂಡನ್ನು ಒಮ್ಮೆ ತೆರೆದು ಓದಿ.

ಓಡುತ್ತಿರುವ ಹಳೇ ಟೇಬಲ್ ಬದಲಿಸುವಾಗ

ಮೊದಲು ತಪ್ಪು ಸಾಲುಗಳನ್ನು ಹುಡುಕಿ. ಮೇಳ, ದಿನದ ಮೇಲೆ ಗ್ರೂಪ್ ಬೈ ಹಾಕಿ ಒಂದಕ್ಕಿಂತ ಹೆಚ್ಚು ಇರುವವು. ಫೋನ್ 2147483647 ಇರುವವು. ಡೇಟ್‌ಗೆ ತಿರುಗದ ದಿನಗಳು. ಇವನ್ನು ರಶೀದಿ ಪುಸ್ತಕ ನೋಡಿ ಕೈಯಲ್ಲೇ ಸರಿಮಾಡಬೇಕು. ಸ್ಕ್ರಿಪ್ಟ್‌ಗೆ ಊಹೆ ಮಾಡಲು ಬಿಡಬೇಡಿ.

ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡ ಇರುವ ಕಾಲಮ್ ಮುಟ್ಟುವ ಮೊದಲು ಹೆಕ್ಸ್ ಫಂಕ್ಷನ್‌ನಲ್ಲಿ ಬೈಟ್‌ಗಳನ್ನು ನೋಡಿ. ಸರಿಯಾದ ಯುಟಿಎಫ್-8 ಕನ್ನಡ ಯಾವಾಗಲೂ ‘ಇ0 ಬಿ2’ ಅಥವಾ ‘ಇ0 ಬಿ3’ ಎಂದು ಶುರುವಾಗುತ್ತದೆ. ಲ್ಯಾಟಿನ್1 ಎಂದು ಬರೆದ ಕಾಲಮ್‌ನೊಳಗೆ ಈ ಬೈಟ್‌ಗಳೇ ಕೂತಿದ್ದರೆ ನೇರವಾಗಿ ‘ಕನ್ವರ್ಟ್ ಟು’ ಹೇಳಬಾರದು. ಹೇಳಿದರೆ ಪ್ರತಿ ಬೈಟನ್ನೂ ಒಂದು ಅಕ್ಷರವೆಂದು ತಿಳಿದು ಮತ್ತೊಮ್ಮೆ ತಿರುಗಿಸಿ ‘ಸಿ3 ಎ0 ಸಿ2 ಬಿ2’ ಮಾಡಿಬಿಡುತ್ತದೆ. ಕಾಲಮನ್ನು ಮೊದಲು ವಾರ್‌ಬೈನರಿ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ವಾರ್‌ಚಾರ್ ಮಾಡಿ. ನಡುವಿನ ಹೆಜ್ಜೆಯಿಂದ ಬೈಟ್ ಬದಲಾಗದೆ ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ‘3ಎಫ್’ಗಳ ಸಾಲು ಕಂಡರೆ ಅವು ನಿಜವಾದ ಪ್ರಶ್ನಾರ್ಥಕಗಳು, ಆ ಹೆಸರು ಹೋಯಿತು. ನುಡಿ ಫಾಂಟ್‌ನ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ್ದಾದರೆ ಟೇಬಲ್‌ನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಇರುತ್ತವೆ. ಅದನ್ನು ಕನ್ವರ್ಟರ್‌ನಿಂದ ಯೂನಿಕೋಡ್ ಮಾಡಿ, ಎನ್‌ಎಫ್‌ಸಿಗೆ ತಂದು, ಆಮೇಲೆ ತುಂಬಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ದೊಡ್ಡ ಟೇಬಲ್‌ಗೆ ಚೆಕ್, ಫಾರಿನ್ ಕೀ ಸೇರಿಸುವಾಗ ‘ನಾಟ್ ವ್ಯಾಲಿಡ್’ ಜೊತೆಗೆ ಸೇರಿಸಿ. ಹೊಸ ಸಾಲುಗಳಿಗೆ ನಿಯಮ ಕೂಡಲೇ ತಾಗುತ್ತದೆ, ಹಳೇ ಸಾಲುಗಳನ್ನು ಆಗ ನೋಡುವುದಿಲ್ಲವಾದ್ದರಿಂದ ಲಾಕ್ ಕ್ಷಣ ಮಾತ್ರ ಇರುತ್ತದೆ. ಆಮೇಲೆ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’ ಓಡಿಸಿ. ಅದು ಎಲ್ಲ ಸಾಲು ಓದುತ್ತದೆ, ಆದರೆ ಬುಕಿಂಗ್ ನಿಲ್ಲುವುದಿಲ್ಲ. ಯೂನಿಕ್ ಇಂಡೆಕ್ಸನ್ನು ‘ಕನ್‌ಕರೆಂಟ್ಲಿ’ ಎಂದು ಕಟ್ಟಿ. ನಡುವೆ ಡೂಪ್ಲಿಕೇಟ್ ಸಿಕ್ಕರೆ ಅದು ಸೋತು ‘ಇನ್‌ವ್ಯಾಲಿಡ್’ ಇಂಡೆಕ್ಸ್ ಒಂದನ್ನು ಹಿಂದೆ ಬಿಡುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಕಟ್ಟಬೇಕು. ಯಾವ ಆಲ್ಟರ್‌ಗೂ ಮುನ್ನ ಲಾಕ್ ಟೈಮ್‌ಔಟನ್ನು ಕೆಲವು ಸೆಕೆಂಡ್‌ಗೆ ಇಡಿ. ಇಲ್ಲವಾದರೆ ಯಾರೋ ತೆರೆದಿಟ್ಟ ಒಂದು ಟ್ರಾನ್ಸಾಕ್ಷನ್‌ಗಾಗಿ ನಿಮ್ಮ ಆಲ್ಟರ್ ಕಾಯುತ್ತದೆ, ಅದರ ಹಿಂದೆ ಬಂದ ಸೆಲೆಕ್ಟ್‌ಗಳೂ ಸಾಲಾಗಿ ನಿಲ್ಲುತ್ತವೆ, ಕೌಂಟರ್‌ನಲ್ಲಿ ಪರದೆ ಹೆಪ್ಪುಗಟ್ಟುತ್ತದೆ.

ಇಂಟ್ ಫೋನ್ ಕಾಲಮನ್ನು ಇದ್ದಲ್ಲೇ ಟೆಕ್ಸ್ಟ್ ಮಾಡಿದರೆ ಇಡೀ ಟೇಬಲ್ ಮತ್ತೆ ಬರೆಯಬೇಕಾಗುತ್ತದೆ, ಅಷ್ಟೂ ಹೊತ್ತು ಯಾರೂ ಓದುವಂತಿಲ್ಲ. ಅದರ ಬದಲು ಹೊಸ ಕಾಲಮ್ ಸೇರಿಸಿ, ಆ್ಯಪ್ ಎರಡಕ್ಕೂ ಬರೆಯುವಂತೆ ಮಾಡಿ, ಹಳೇ ಸಾಲುಗಳನ್ನು ಸಾವಿರ ಸಾವಿರದಂತೆ ತುಂಬಿ, ಓದುವುದನ್ನು ಹೊಸದಕ್ಕೆ ತಿರುಗಿಸಿ. ಹಳೇ ಕಾಲಮನ್ನು ತೆಗೆಯುವುದು ವರದಿಗಳು, ಎಕ್ಸೆಲ್ ಇಂಪೋರ್ಟ್, ಮೊಬೈಲ್ ಆ್ಯಪ್‌ನ ಹಳೇ ಆವೃತ್ತಿ ಯಾವುದೂ ಅದನ್ನು ಕೇಳುತ್ತಿಲ್ಲ ಎಂದು ಲಾಗ್ ನೋಡಿ ಖಚಿತಪಡಿಸಿಕೊಂಡ ಮೇಲೆ.